ಒಂದೇ ಮನೆತನಕ್ಕೆ ಇಷ್ಟೊಂದು ಮಹಲುಗಳೇಕೆ?

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಅವಳ ಮನೆಗೆ ಹೋಗಿದ್ದಾಗ ಬಕಿಂಗ್‌ಹ್ಯಾಮ್‌ಶೈರ್‌ನ ವಾಡ್ಸ್‌ಡನ್ ಮ್ಯಾನರ್ ಎಂಬ ಮಹಲನ್ನು ತೋರಿಸಿದಳು. ರಾಥ್ಸ್‌ಚೈಲ್ಡ್ ಎಂಬ ಬ್ಯಾಂಕರ್ ಮನೆತನದ್ದಂತೆ. ಅದೇ ಸುತ್ತಮುತ್ತ ಅವರವೇ ಇನ್ನೂ ಆರೇಳು ಬಂಗಲೆಗಳಿದ್ದವು ಎಂದು ಮಾರ್ಗದರ್ಶಿ ಹೇಳಿದರು. ಒಂದು ತಾಲ್ಲೂಕಿನಷ್ಟು ಜಾಗದಲ್ಲಿ ಒಂದೇ ಮನೆತನಕ್ಕೆ ಅಷ್ಟು ಮನೆ ಏಕೆ ಬೇಕಾಯಿತು? ಈಗ ಅಲ್ಲಿ ಅವರು ಯಾರೂ ಏಕೆ ವಾಸವಿಲ್ಲ? ನನ್ನ ತಮ್ಮ ಕಳಿಸುವ ವಾಟ್ಸ್‌ಆ್ಯಪ್ ಸಂದೇಶಗಳನ್ನು ನಂಬುವುದಾದರೆ ಇವರು ಇಡೀ ಜಗತ್ತನ್ನು ಆಳುವವರು. ಹಾಗಿದ್ದರೆ ಮನೆಗಳನ್ನೇಕೆ ಬಿಟ್ಟುಕೊಟ್ಟರು? — ಮೈಸೂರಿನ ಓದುಗರೊಬ್ಬರು

ಉತ್ತರ: ಹಳೆಯ ಕಟ್ಟಡಗಳ ಸಂರಕ್ಷಣೆಯೇ ನನ್ನ ಕಸುಬಾದ್ದರಿಂದ ಈ ಮನೆಗಳ ಗೋಡೆ, ಪರದೆ, ಕೊಳಾಯಿಗಳ ಮೇಲೆ ನನಗೆ ಸ್ವಲ್ಪ ಹೆಚ್ಚೇ ಮೋಹ. ಉತ್ತರ ಉದ್ದವಾದರೆ ಕ್ಷಮಿಸಿ. ನಿಮ್ಮ ತಮ್ಮನ ವಿಷಯಕ್ಕೂ ಬರುತ್ತೇನೆ.

ವಾಡ್ಸ್‌ಡನ್ನಿನ ಗುಡ್ಡದ ಮೇಲೆ ನಿಂತು ಈ ಪ್ರಶ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಮೊದಲು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಒಂದು ಓಣಿಗೆ ಹೋಗಬೇಕು. ಅದರ ಹೆಸರು ಯೂದೆನ್‌ಗಾಸೆ, ಅಂದರೆ ಯಹೂದಿಗಳ ಓಣಿ. 1462ರಲ್ಲಿ ನಗರಾಡಳಿತ ತನ್ನ ಯಹೂದಿಗಳನ್ನೆಲ್ಲ ಅಲ್ಲಿಗೆ ತಳ್ಳಿತು. ಉದ್ದ ಸುಮಾರು 330 ಮೀಟರ್, ಅಗಲ ಮೂರು ನಾಲ್ಕು ಮೀಟರ್. ಹದಿನೆಂಟನೇ ಶತಮಾನದ ಹೊತ್ತಿಗೆ ಅಷ್ಟರಲ್ಲೇ ಸುಮಾರು ಮೂರು ಸಾವಿರ ಜನ ವಾಸವಿದ್ದರು. ರಾತ್ರಿ ಓಣಿಯ ಬಾಗಿಲಿಗೆ ಬೀಗ. ಭಾನುವಾರ ಮತ್ತು ಕ್ರೈಸ್ತರ ಹಬ್ಬದ ದಿನ ಹೊರಗೆ ಕಾಲಿಡುವಂತಿಲ್ಲ. ಊರಿನ ಉದ್ಯಾನದಲ್ಲಿ ಅಡ್ಡಾಡುವಂತಿಲ್ಲ. ಓಣಿಯ ಹೊರಗೆ ಒಂದಡಿ ನೆಲವನ್ನೂ ಕೊಳ್ಳುವಂತಿಲ್ಲ. ಅಲ್ಲಿನ ಮನೆಗಳಿಗೆ ಸಂಖ್ಯೆಗಳಿರಲಿಲ್ಲ, ಬಾಗಿಲ ಮೇಲಿನ ಚಿಹ್ನೆಗಳೇ ಗುರುತು. ‘ಕೆಂಪು ಗುರಾಣಿ’ಯ ಮನೆಯಲ್ಲಿ ಈ ಮನೆತನದ ಪೂರ್ವಜರೊಬ್ಬರು ಹದಿನಾರನೇ ಶತಮಾನದಲ್ಲಿ ವಾಸವಾಗಿದ್ದರು. ಜರ್ಮನ್ ಭಾಷೆಯ ಆ ‘ರೋಟ್ ಶಿಲ್ಡ್’ ಇಂಗ್ಲಿಷರ ಬಾಯಲ್ಲಿ ರಾಥ್ಸ್‌ಚೈಲ್ಡ್ ಆಯಿತು. ಜಗತ್ತಿನಲ್ಲಿ ಮನೆಗಳಿಗೇ ಹೆಸರಾದ ಈ ಕುಟುಂಬಕ್ಕೆ ಹೆಸರು ಬಂದದ್ದೇ ಒಂದು ಮನೆಯಿಂದ.

ಆ ಓಣಿಯಲ್ಲಿ ಹುಟ್ಟಿದ ಮೇಯರ್ ಆಮ್‌ಶೆಲ್ (1744–1812) ಹಳೆಯ ನಾಣ್ಯಗಳ ವ್ಯಾಪಾರದಿಂದ ಶುರುಮಾಡಿ, ಒಬ್ಬ ಜರ್ಮನ್ ರಾಜಕುಮಾರನ ಹಣದ ವ್ಯವಹಾರ ನೋಡಿಕೊಳ್ಳುವಷ್ಟು ಬೆಳೆದ. ಅವನ ಐವರು ಗಂಡುಮಕ್ಕಳು ಫ್ರಾಂಕ್‌ಫರ್ಟ್, ವಿಯೆನ್ನಾ, ಲಂಡನ್, ನೇಪಲ್ಸ್, ಪ್ಯಾರಿಸ್‌ಗಳಲ್ಲಿ ನೆಲೆಸಿ ಐದು ಬ್ಯಾಂಕುಗಳನ್ನು ಒಂದೇ ಅವಿಭಕ್ತ ಕುಟುಂಬದಂತೆ ನಡೆಸಿದರು. ಸಾಯುವ ಮುನ್ನ ಅವನು ಬರೆದ ಉಯಿಲು ಬಹಳ ಬಿಗಿಯಾದದ್ದು. ವ್ಯವಹಾರದಲ್ಲಿ ಗಂಡುಮಕ್ಕಳಿಗೆ ಮಾತ್ರ ಪಾಲು. ಹೆಣ್ಣುಮಕ್ಕಳಿಗೂ ಅಳಿಯಂದಿರಿಗೂ ಲೆಕ್ಕದ ಪುಸ್ತಕ ತೆರೆದು ನೋಡುವ ಹಕ್ಕೂ ಇಲ್ಲ. ಆಸ್ತಿ ಹೊರಗೆ ಹೋಗದಿರಲೆಂದು ಮುಂದಿನ ತಲೆಮಾರು ಒಳಗೊಳಗೇ ಮದುವೆಯಾಗತೊಡಗಿತು. ಪ್ಯಾರಿಸ್ಸಿನ ಜೇಮ್ಸ್ ಮದುವೆಯಾದದ್ದು ಅಣ್ಣನ ಮಗಳನ್ನು. ಲಂಡನ್ನಿನ ಲಯೊನೆಲ್ ಚಿಕ್ಕಪ್ಪನ ಮಗಳನ್ನು. ಅಕ್ಕನ ಮಗಳನ್ನು ತರುವುದು ನಮ್ಮ ಹಿರಿಯರಿಗೂ ಗೊತ್ತಿತ್ತು, ಆದರೆ ಇವೆರಡನ್ನು ಕೇಳಿದ್ದರೆ ನನ್ನಜ್ಜಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಈ ಉಯಿಲನ್ನು ನೆನಪಿಡಿ. ಬ್ಯಾಂಕು ಒಡೆಯದಂತೆ ಇಷ್ಟು ಬಿಗಿಯಾಗಿ ಕಟ್ಟಿದವರು ಮನೆಗಳ ವಿಷಯದಲ್ಲಿ ಅಂಥ ಯಾವ ಕಟ್ಟುಪಾಡನ್ನೂ ಮಾಡಲಿಲ್ಲ. ಮನೆಯೆಂದರೆ ಒಬ್ಬೊಬ್ಬರ ಆಸೆ, ಒಬ್ಬೊಬ್ಬರ ಹಟ. ಕಟ್ಟಿದವನ ನಂತರ ಅದು ಯಾರದ್ದೆಂಬ ಪ್ರಶ್ನೆಗೆ ಬಹುತೇಕ ಮಹಲುಗಳಲ್ಲಿ ಉತ್ತರವೇ ಇರಲಿಲ್ಲ.

ಮೇಯರನ ಹೆಂಡತಿ ಗೂಟ್ಲೆಯ ಕಥೆಯನ್ನು ಬಿಟ್ಟು ಮುಂದೆ ಹೋಗಲಾರೆ. ಮಕ್ಕಳು ಯುರೋಪಿನ ದೊರೆಗಳಿಗೆ ಸಾಲ ಕೊಡುವಷ್ಟಾದ ಮೇಲೂ ಆಕೆ ಓಣಿಯ ಮನೆಯನ್ನು ಬಿಟ್ಟು ಬರಲಿಲ್ಲ. ‘ಹಸಿರು ಗುರಾಣಿ’ ಎಂಬ ಆ ಇಕ್ಕಟ್ಟಾದ ಮನೆಯಲ್ಲಿಯೇ ಇದ್ದು, 1849ರಲ್ಲಿ 95ರ ಹರೆಯದಲ್ಲಿ ತೀರಿಕೊಂಡಳು. ಹಿರಿಯ ಮಗ ಆಮ್‌ಶೆಲ್‌ಗೆ ಬೇಕಾಗಿದ್ದದ್ದು ಬೇರೆ. ನೆಪೋಲಿಯನ್ನನ ಯುದ್ಧಗಳು ಮುಗಿಯುವ ಹೊತ್ತಿಗೆ ಓಣಿಯ ಬಾಗಿಲು ಸಡಿಲವಾಗಿತ್ತು, ಅವನು ಊರ ಹೊರಗೆ ಒಂದು ತೋಟ ಕೊಂಡ. ಅರಮನೆಯಲ್ಲ, ಬರೀ ತೋಟ. ಉದ್ಯಾನದೊಳಗೆ ಕಾಲಿಡಲು ಬಿಡದ ಊರಿನಲ್ಲಿ ಬೆಳೆದವನಿಗೆ ಮೊದಲು ಬೇಕಾದದ್ದು ಗಿಡ, ಮಣ್ಣು, ಗಾಳಿ. ಈ ಕುಟುಂಬದ ಮುಂದಿನ ಎಲ್ಲ ಎಸ್ಟೇಟುಗಳ ಬೀಜ ಆ ತೋಟದಲ್ಲಿದೆ ಎಂದು ನನ್ನ ಅನಿಸಿಕೆ. ಕೊಂಡ ಮೇಲೂ ಅವನಿಗೆ ಭಯ ಹೋಗಿರಲಿಲ್ಲ. 1819ರಲ್ಲಿ ಯಹೂದಿಗಳ ವಿರುದ್ಧ ಗಲಭೆ ಎದ್ದಾಗ ಫ್ರಾಂಕ್‌ಫರ್ಟ್‌ನಲ್ಲಿ ಇವರ ಮನೆಯ ಕಿಟಕಿಗಳಿಗೂ ಕಲ್ಲು ಬಿತ್ತು.

ವಿಯೆನ್ನಾದಲ್ಲಿ ಇನ್ನೂ ವಿಚಿತ್ರ. ಆಸ್ಟ್ರಿಯಾದ ಸರ್ಕಾರ ಸಾಲಕ್ಕಾಗಿ ಸಾಲೊಮನ್ ರಾಥ್ಸ್‌ಚೈಲ್ಡನ ಬಾಗಿಲು ತಟ್ಟುತ್ತಿತ್ತು, ಆದರೆ ಯಹೂದಿಯಾದ ಅವನು ಆ ನಗರದಲ್ಲಿ ಸ್ವಂತ ಮನೆ ಕೊಳ್ಳುವಂತಿರಲಿಲ್ಲ. ಅವನು ಒಂದು ಹೋಟೆಲಿನಲ್ಲಿ ಕೋಣೆ ಹಿಡಿದ. ಆಮೇಲೆ ಪೂರ್ತಿ ಹೋಟೆಲನ್ನೇ ಬಾಡಿಗೆಗೆ ಹಿಡಿದ. 1843ರಲ್ಲಿ ನಗರ ಅವನಿಗೆ ಗೌರವ ಪೌರತ್ವ ಕೊಟ್ಟ ಮೇಲಷ್ಟೇ ಸ್ವಂತ ಸೂರು ಕೊಳ್ಳಲು ಅನುಮತಿ ಸಿಕ್ಕಿತು. ಚಕ್ರವರ್ತಿಗೆ ಸಾಲ ಕೊಟ್ಟವನು ಬಾಡಿಗೆದಾರ!

ಈಗ ಇಂಗ್ಲೆಂಡಿಗೆ ಬರೋಣ. ಮೂರನೇ ಮಗ ನೇಥನ್ ಮ್ಯಾಂಚೆಸ್ಟರಿನಲ್ಲಿ ಬಟ್ಟೆ ವ್ಯಾಪಾರ ಮಾಡಿ, ಆಮೇಲೆ ಲಂಡನ್ನಿನ ನ್ಯೂ ಕೋರ್ಟ್ ಎಂಬಲ್ಲಿ ಬ್ಯಾಂಕು ತೆರೆದ. ನೆಪೋಲಿಯನ್ ವಿರುದ್ಧ ಹೋರಾಡುತ್ತಿದ್ದ ವೆಲಿಂಗ್ಟನ್ನನ ಸೈನ್ಯಕ್ಕೆ ಚಿನ್ನ ಮುಟ್ಟಿಸಿದ್ದು ಇವನ ದೊಡ್ಡ ಸಾಧನೆ. ಹಣ ಬಂದ ದಾರಿಯೆಲ್ಲ ಹೂವಿನದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಬ್ರಿಟನ್ ಗುಲಾಮಗಿರಿಯನ್ನು ರದ್ದುಮಾಡಿ ಗುಲಾಮರ ಒಡೆಯರಿಗೆ ಪರಿಹಾರ ಕೊಟ್ಟಿತಲ್ಲ (ಗುಲಾಮರಿಗಲ್ಲ, ಒಡೆಯರಿಗೆ), ಅದಕ್ಕೆ ಬೇಕಾದ ಒಂದೂವರೆ ಕೋಟಿ ಪೌಂಡ್ ಸಾಲವನ್ನು 1835ರಲ್ಲಿ ಎತ್ತಿಕೊಟ್ಟವರಲ್ಲಿ ನೇಥನ್ ಮುಂಚೂಣಿಯಲ್ಲಿದ್ದ. ಅದೇ ವರ್ಷ ಅವನು ಲಂಡನ್ನಿನ ಪಶ್ಚಿಮಕ್ಕೆ ಗನ್ನರ್ಸ್‌ಬರಿ ಎಂಬ ಎಸ್ಟೇಟನ್ನು ಕೊಂಡ. ಅಲ್ಲಿ ಬಾಳುವ ಯೋಗ ಅವನಿಗಿರಲಿಲ್ಲ. 1836ರಲ್ಲಿ ಮಗ ಲಯೊನೆಲ್‌ನ ಮದುವೆಗೆಂದು ಫ್ರಾಂಕ್‌ಫರ್ಟ್‌ಗೆ ಹೋದವನು ಅಲ್ಲೇ ತೀರಿಕೊಂಡ. ಗನ್ನರ್ಸ್‌ಬರಿ ಈಗ ಸಾರ್ವಜನಿಕ ಉದ್ಯಾನ. 1926ರಿಂದಲೂ ಯಾರು ಬೇಕಾದರೂ ಒಳಗೆ ಹೋಗಿ ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಬಹುದು.

ನಿಮ್ಮ ಮುಖ್ಯ ಪ್ರಶ್ನೆ: ಎಲ್ಲರೂ ಬಕಿಂಗ್‌ಹ್ಯಾಮ್‌ಶೈರ್‌ನ ಐಲ್ಸ್‌ಬರಿ ಕಣಿವೆಯಲ್ಲೇ ಏಕೆ ಕಟ್ಟಿದರು? ಬೇಟೆಯ ಹುಚ್ಚಿನಿಂದ ಶುರುವಾಯಿತು. ನೇಥನ್ನನ ಮಕ್ಕಳು ಕುದುರೆ ಏರಿ ಸಾರಂಗದ ಬೇಟೆಗೆ ಹೋಗುತ್ತಿದ್ದರು, ಅದಕ್ಕೆ ಹುಲ್ಲುಗಾವಲಿನ ಆ ಕಣಿವೆ ಹೇಳಿ ಮಾಡಿಸಿದಂತಿತ್ತು. ಅಷ್ಟರಲ್ಲಿ ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ರೈಲು ಬಂತು, ದಾರಿಯಲ್ಲಿ ಟ್ರಿಂಗ್ ನಿಲ್ದಾಣ. ಬೆಳಿಗ್ಗೆ ಬ್ಯಾಂಕಿನಲ್ಲಿ ಹುಂಡಿಗೆ ಸಹಿ ಹಾಕಿ ಸಂಜೆಗೆ ಕುದುರೆಲಾಯದಲ್ಲಿ ನಿಲ್ಲಬಹುದಿತ್ತು. ಆ ಜಿಲ್ಲೆಯ ಹಳೆಯ ದೊಡ್ಡಮನೆಯವರು ಅದೇ ಹೊತ್ತಿಗೆ ಮುಳುಗುತ್ತಿದ್ದರು. ಬಕಿಂಗ್‌ಹ್ಯಾಮಿನ ಡ್ಯೂಕ್ ಸಾಲದಲ್ಲಿ ಮುಳುಗಿ, ಅವನ ಸ್ಟೋ ಮಹಲಿನ ವಸ್ತುಗಳು 1848ರಲ್ಲಿ ನಲವತ್ತು ದಿನ ಹರಾಜಾದವು. ಮುಂದೆ ಅಮೆರಿಕದ ಅಗ್ಗದ ಗೋಧಿ ಬಂದು ಇಂಗ್ಲೆಂಡಿನ ಜಮೀನ್ದಾರರ ಬೆನ್ನು ಮುರಿಯಿತು. ಕೈಯಲ್ಲಿ ನಗದು ಇದ್ದವರಿಗೆ ಜಮೀನು ಸಲೀಸಾಗಿ ಸಿಗುತ್ತಿತ್ತು.

ಇನ್ನೊಂದು ಕಾರಣವನ್ನು ಪ್ರವಾಸಿ ಮಾರ್ಗದರ್ಶಿಗಳು ಸಾಮಾನ್ಯವಾಗಿ ಹೇಳುವುದಿಲ್ಲ: ಓಟು. ಲಯೊನೆಲ್ 1847ರಲ್ಲೇ ಲಂಡನ್ನಿನಿಂದ ಸಂಸತ್ತಿಗೆ ಆಯ್ಕೆಯಾದರೂ ಕ್ರೈಸ್ತ ಪ್ರಮಾಣವಚನ ಹೇಳಲು ಒಪ್ಪದ ಕಾರಣ 1858ರವರೆಗೆ ಅವನಿಗೆ ಕುರ್ಚಿ ಸಿಗಲಿಲ್ಲ. ಹನ್ನೊಂದು ವರ್ಷ! ಮತ್ತೆ ಮತ್ತೆ ಗೆದ್ದು ಮತ್ತೆ ಮತ್ತೆ ಬಾಗಿಲಲ್ಲೇ ನಿಂತ. ಜಿಲ್ಲೆಯಲ್ಲಿ ನೆಲ ಇದ್ದವನಿಗೆ ಮಾತ್ರ ಜಿಲ್ಲೆಯಲ್ಲಿ ಮಾತು ಎಂಬುದು ಅಂದಿನ ಇಂಗ್ಲೆಂಡಿನ ರೀತಿ. ಇವರು ನೆಲ ಕೊಂಡರು. ಐಲ್ಸ್‌ಬರಿ ಕ್ಷೇತ್ರದಿಂದ 1865ರಲ್ಲಿ ಲಯೊನೆಲ್‌ನ ಮಗ ನೇಥನಿಯಲ್, ಆಮೇಲೆ ಫರ್ಡಿನಂಡ್, ಆಮೇಲೆ ವಾಲ್ಟರ್, ಆಮೇಲೆ ಇನ್ನೊಬ್ಬ ಲಯೊನೆಲ್, ಹೀಗೆ 1923ರವರೆಗೆ ಆ ಕ್ಷೇತ್ರವನ್ನು ರಾಥ್ಸ್‌ಚೈಲ್ಡರೇ ಪ್ರತಿನಿಧಿಸಿದರು. ನೀವು ನೋಡಿದ ಮಹಲುಗಳ ಸಾಲನ್ನು ಒಂದು ಮತಕ್ಷೇತ್ರದ ನಕ್ಷೆ ಎಂದೂ ಓದಬಹುದು.

ಮೊದಲು ಎದ್ದದ್ದು ಮೆಂಟ್‌ಮೋರ್. ನೇಥನ್ನನ ಕಿರಿಮಗ ಮೇಯರ್ 1850ರ ದಶಕದ ಆರಂಭದಲ್ಲಿ ಅದನ್ನು ಕಟ್ಟಿಸಿದ. ವಾಸ್ತುಶಿಲ್ಪಿ ಜೋಸೆಫ್ ಪ್ಯಾಕ್ಸ್‌ಟನ್, ಅಂದರೆ 1851ರ ಲಂಡನ್ ಮಹಾಪ್ರದರ್ಶನಕ್ಕೆ ಗಾಜಿನ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದವನು (ಅವನೇ ನಮ್ಮ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೂ ಪರೋಕ್ಷವಾಗಿ ಅಜ್ಜ). ಹೊರಗಿನಿಂದ ನೋಡಿದರೆ ರಾಣಿ ಎಲಿಜಬೆತ್ ಕಾಲದ ಗೋಪುರಗಳ ಮನೆ. ಒಳಗೆ ನಡುಮನೆಗೆ ಗಾಜಿನ ಚಾವಣಿ, ಗೋಡೆಯೊಳಗೆ ಬಿಸಿಗಾಳಿಯ ಕೊಳವೆಗಳು. ಮುಖ ಹಳೆಯದು, ಹೊಟ್ಟೆ ಹೊಸದು. ಇದು ಇವರ ಎಲ್ಲ ಮನೆಗಳ ಗುಣ. ಪ್ಯಾರಿಸ್ಸಿನ ಚಿಕ್ಕಪ್ಪ ಜೇಮ್ಸ್ ಇದನ್ನು ನೋಡಿ, ನನಗೂ ಒಂದು ಮೆಂಟ್‌ಮೋರ್ ಕಟ್ಟಿಕೊಡು, ಆದರೆ ಇದರ ಎರಡರಷ್ಟು ದೊಡ್ಡದಿರಲಿ ಎಂದು ಪ್ಯಾಕ್ಸ್‌ಟನ್ನನಿಗೆ ಹೇಳಿದ ಎಂಬ ಮಾತಿದೆ. ದಾಯಾದಿಗಳ ಮನೆ ನೋಡಿದ ಮೇಲೆ ನಮ್ಮ ಮನೆಯ ಚಾವಣಿ ತಗ್ಗು ಕಾಣುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ.

ಹಾಗೆ ಎದ್ದದ್ದು ಪ್ಯಾರಿಸ್ಸಿನ ಹೊರಗಿನ ಫೆರಿಯೇರ್. ಅಡುಗೆಯ ವಾಸನೆ ಊಟದ ಮನೆಗೆ ಬರಬಾರದೆಂದು ಅಡುಗೆಮನೆಯನ್ನು ನೂರು ಮೀಟರಿಗೂ ದೂರದಲ್ಲಿ ಕಟ್ಟಿ, ನೆಲದಡಿಯಲ್ಲಿ ಪುಟ್ಟ ರೈಲುದಾರಿ ಹಾಕಿ ಭಕ್ಷ್ಯಗಳನ್ನು ತರಿಸುತ್ತಿದ್ದರು. ಒಗ್ಗರಣೆಯ ಘಮವೇ ಊಟಕ್ಕೆ ಕರೆ ಎಂದು ಬೆಳೆದ ನನಗೆ ಇದು ಬಡತನವಾಗಿಯೇ ಕಾಣುತ್ತದೆ. 1862ರಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್ ಬಂದು ಬೇಟೆಯಾಡಿ ಹೋದ. ಎಂಟೇ ವರ್ಷದ ನಂತರ ಅದೇ ಚಕ್ರವರ್ತಿಯನ್ನು ಸೋಲಿಸಿದ ಪ್ರಷ್ಯಾದ ದೊರೆ, ಮಂತ್ರಿ ಬಿಸ್ಮಾರ್ಕ್ ಸಮೇತ ಅದೇ ಮನೆಯಲ್ಲಿ ಬೀಡುಬಿಟ್ಟ. ಸೋತ ಫ್ರಾನ್ಸಿನ ಪರವಾಗಿ ಸಂಧಾನಕ್ಕೆ ಬಂದ ಝೂಲ್ ಫಾವ್ರ್, ಬಿಸ್ಮಾರ್ಕನ ಮುಂದೆ ಕೂತದ್ದು ಅಲ್ಲೇ, 1870ರ ಸೆಪ್ಟೆಂಬರಿನಲ್ಲಿ. ಮನೆಯ ಉಸ್ತುವಾರಿ ನೋಡುತ್ತಿದ್ದವನು ಜರ್ಮನ್ನರಿಗೆ ನೆಲಮಾಳಿಗೆಯ ವೈನ್ ಕೊಡುವುದಿಲ್ಲವೆಂದು ಹಟ ಹಿಡಿದು ಬಿಸ್ಮಾರ್ಕನ ಕೆಂಗಣ್ಣಿಗೆ ಗುರಿಯಾದ. ಆ ಯುದ್ಧದಲ್ಲಿ ಫ್ರಾನ್ಸಿನ ಕಡೆಯಿಂದ ನಡೆದ ಕೊನೆಯ ಪ್ರತಿರೋಧಗಳಲ್ಲಿ ಇದನ್ನೂ ಸೇರಿಸಬೇಕು.

ನೀವು ನೋಡಿದ ವಾಡ್ಸ್‌ಡನ್ನಿನ ಒಡೆಯ ಫರ್ಡಿನಂಡ್, ವಿಯೆನ್ನಾ ಶಾಖೆಯವನು. ತಾಯಿ ಲಂಡನ್ನಿನ ಮಗಳು. ಅವನು ಮದುವೆಯಾದದ್ದು ಸೋದರಮಾವ ಲಯೊನೆಲ್‌ನ ಮಗಳು ಎವಲೀನಾಳನ್ನು, 1865ರಲ್ಲಿ. ಒಂದೂವರೆ ವರ್ಷದಲ್ಲಿ ಆಕೆ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಅವನು ಮತ್ತೆ ಮದುವೆಯಾಗಲಿಲ್ಲ. ಅವಳ ಹೆಸರಿನಲ್ಲಿ ಲಂಡನ್ನಿನ ಬಡಮಕ್ಕಳಿಗೆ ಕಟ್ಟಿಸಿದ ಆಸ್ಪತ್ರೆ ಇಂದಿಗೂ ಎವಲೀನಾ ಮಕ್ಕಳ ಆಸ್ಪತ್ರೆ ಎಂದೇ ನಡೆಯುತ್ತಿದೆ. ಮಹಲು ಆಮೇಲಿನದು. 1874ರಲ್ಲಿ ಮಾರ್ಲ್‌ಬರೋ ಡ್ಯೂಕನಿಂದ ಸುಮಾರು 2,700 ಎಕರೆ ಕೊಂಡ. ಮನೆ ಕಟ್ಟಲು ಆರಿಸಿದ್ದು ಮರವಿಲ್ಲದ, ನೀರಿಲ್ಲದ ಒಂದು ಬೋಳು ಗುಡ್ಡವನ್ನು. ಗುಡ್ಡದ ನೆತ್ತಿ ಕಡಿದು ಸಮ ಮಾಡಿದರು. ಕಲ್ಲು ಸಾಗಿಸಲು ರೈಲು ನಿಲ್ದಾಣದಿಂದ ಗುಡ್ಡದವರೆಗೆ ತಾತ್ಕಾಲಿಕ ಹಳಿ ಹಾಕಿದರು. ಕಡಿದಾದ ದಾರಿಯಲ್ಲಿ ಎಳೆಯಲು ಫ್ರಾನ್ಸಿನ ನಾರ್ಮಂಡಿಯಿಂದ ಭಾರೀ ಕುದುರೆಗಳನ್ನು ತರಿಸಿದರು. ನೀರು ಐಲ್ಸ್‌ಬರಿಯಿಂದ ಕೊಳವೆಯಲ್ಲಿ ಬಂತು. ಗಿಡ ನೆಟ್ಟು ಕಾಯುವ ತಾಳ್ಮೆ ಅವನಿಗಿರಲಿಲ್ಲ, ಬೆಳೆದ ಮರಗಳನ್ನೇ ಬೇರುಸಹಿತ ಎತ್ತಿ ತಂದು ನೆಡಿಸಿದ.

ವಾಸ್ತುಶಿಲ್ಪಿ ದೆಸ್ತಾಯರ್ ಫ್ರೆಂಚ್ ಮನುಷ್ಯ. ನೀವು ಮುಂಭಾಗದಲ್ಲಿ ಸುರುಳಿ ಮೆಟ್ಟಿಲಿನ ಎರಡು ಗೋಪುರಗಳನ್ನು ಗಮನಿಸಿರಬಹುದು, ಅವು ಫ್ರಾನ್ಸಿನ ಶಾಂಬೋರ್ ಅರಮನೆಯ ಮೆಟ್ಟಿಲನ್ನು ನೋಡಿ ಮಾಡಿದವು. ಆದರೆ ಅಲ್ಲಿ ತೆರೆದಿದ್ದದ್ದಕ್ಕೆ ಇಲ್ಲಿ ಗಾಜು ಹಾಕಿದ್ದಾರೆ, ಇಂಗ್ಲೆಂಡಿನ ಚಳಿ ನೋಡಿ. ಕಲ್ಲಿನ ಗೋಡೆಗಳ ಒಳಗೆ ಉಕ್ಕಿನ ಚೌಕಟ್ಟಿದೆ. ಅದರಿಂದಾಗಿ ಮೇಲಿನ ಅಂತಸ್ತಿನ ಕೋಣೆಗಳು ಕೆಳಗಿನ ಗೋಡೆಗಳ ಮೇಲೆಯೇ ಕೂರಬೇಕೆಂಬ ಕಟ್ಟಳೆ ಇರಲಿಲ್ಲ. ಕೋಣೆಗಳ ಕೆತ್ತನೆಯ ಮರದ ಹಲಗೆಗಳು ಬಂದದ್ದು ಪ್ಯಾರಿಸ್ಸಿನಿಂದ. ಅಲ್ಲಿ ಹೊಸ ರಾಜಬೀದಿಗಳಿಗಾಗಿ ಹಳೆಯ ಸಿರಿವಂತರ ಮನೆಗಳನ್ನು ಕೆಡವುತ್ತಿದ್ದರು, ಇವನು ಗೋಡೆಗಳನ್ನೇ ಬಿಚ್ಚಿಸಿ ತಂದ. ನಮ್ಮಲ್ಲೂ ತೊಟ್ಟಿಮನೆ ಕೆಡವಿದ ಮೇಲೆ ಅದರ ಕಂಬ, ಬಾಗಿಲುವಾಡಗಳು ರೆಸಾರ್ಟುಗಳಿಗೆ ಹೋಗುತ್ತವಲ್ಲ, ಅದೇ ವ್ಯಾಪಾರ. ತಂದವನಿಗೆ ರುಚಿ ಇದ್ದರೆ ವಸ್ತು ಬದುಕುತ್ತದೆ. ಇವನಿಗಿತ್ತು.

ಇಷ್ಟೆಲ್ಲ ಮಾಡಿದ್ದು ಶನಿವಾರದಿಂದ ಸೋಮವಾರದವರೆಗೆ ಅತಿಥಿಗಳನ್ನು ಕರೆಯುವುದಕ್ಕೆ! 1889ರಲ್ಲಿ ಪರ್ಷಿಯಾದ ಶಾ ಬಂದ. ಬ್ರಿಟನ್ನಿನ ಯುವರಾಜ ಜೊತೆಗೆ ಬರಲಿಲ್ಲವೆಂದು ಮುನಿಸಿಕೊಂಡಿದ್ದ ಅವನನ್ನು ನಗಿಸಿದ್ದು ಕೀಲಿ ಕೊಟ್ಟರೆ ಹಾಡುವ ಒಂದು ಯಂತ್ರದ ಆನೆ. ಹದಿನೆಂಟನೇ ಶತಮಾನದ ಆ ಆನೆ ಸೊಂಡಿಲು, ಕಿವಿ, ಬಾಲ ಆಡಿಸುತ್ತದೆ. ಶಾ ಅದನ್ನು ಮತ್ತೆ ಮತ್ತೆ ಆಡಿಸಿ ನೋಡಿದ. ನೀವು ನೋಡದೆ ಬಂದಿದ್ದರೆ ಇನ್ನೊಮ್ಮೆ ಹೋಗಲು ಅದೊಂದೇ ಕಾರಣ ಸಾಕು. 1890ರ ಮೇ ತಿಂಗಳಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ಆಕೆಯ ಕಣ್ಣಿಗೆ ಬಿದ್ದದ್ದು ಚಿತ್ರಗಳಿಗಿಂತ ಹೆಚ್ಚಾಗಿ ವಿದ್ಯುತ್ ದೀಪ. ಹತ್ತು ನಿಮಿಷ ದೀಪವನ್ನು ಹತ್ತಿಸಿ ಆರಿಸಿ ಹತ್ತಿಸಿ ತೋರಿಸಲು ಹೇಳಿದಳು ಎಂಬುದು ಅಲ್ಲಿನವರು ಹೇಳುವ ಕಥೆ.

ಫರ್ಡಿನಂಡ್ 1898ರಲ್ಲಿ, ತನ್ನ 59ನೇ ಹುಟ್ಟುಹಬ್ಬದ ದಿನವೇ ತೀರಿಕೊಂಡ. ಮನೆ ತಂಗಿ ಆ್ಯಲಿಸ್ ಪಾಲಾಯಿತು. ನನ್ನ ವೃತ್ತಿಯವರು ಕೈಮುಗಿಯಬೇಕಾದ ಹೆಂಗಸು ಈಕೆ. ಬಿಸಿಲು ಬಿದ್ದರೆ ರೇಷ್ಮೆ ಬಣ್ಣಗೆಡುತ್ತದೆ ಎಂದು ಕಿಟಕಿಯ ಪರದೆಗಳನ್ನು ಇಂತಿಷ್ಟು ಹೊತ್ತು ಮಾತ್ರ ತೆರೆಯಬೇಕೆಂದು ವಿಧಿಸಿದಳು. ಪಿಂಗಾಣಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಈ ಕಟ್ಟಪ್ಪಣೆಗಳನ್ನು ‘ಮಿಸ್ ಆ್ಯಲಿಸ್‌ಳ ನಿಯಮಗಳು’ ಎಂದೇ ಕರೆಯುತ್ತಾರೆ, ಇಂದಿನ ವಸ್ತುಸಂಗ್ರಹಾಲಯಗಳು ಪಾಲಿಸುವುದೂ ಹೆಚ್ಚುಕಡಿಮೆ ಇವನ್ನೇ. ವಾಡ್ಸ್‌ಡನ್ನಿನ ಕೋಣೆಗಳು ಮಬ್ಬುಮಬ್ಬಾಗಿವೆ ಎಂದು ನಿಮಗೆ ಅನಿಸಿದ್ದರೆ ಅದು ಆಕೆಯ ನೆರಳು. ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿದ್ದ ತನ್ನ ತೋಟದಲ್ಲಿ ಹೊಸದಾಗಿ ನೆಟ್ಟ ಪಾತಿಯನ್ನು ವಿಕ್ಟೋರಿಯಾ ರಾಣಿ ತುಳಿದಾಗ, ಆಚೆ ಬನ್ನಿ ಎಂದು ಗದರಿದವಳು ಇವಳೇ. ರಾಣಿ ಬೇಸರಪಟ್ಟುಕೊಳ್ಳದೆ ಆಕೆಗೆ ‘ಸರ್ವಶಕ್ತೆ’ ಎಂಬ ಅಡ್ಡಹೆಸರಿಟ್ಟಳು.

ಸುತ್ತಲಿನ ಉಳಿದ ಮನೆಗಳನ್ನು ಬೇಗ ಮುಗಿಸುತ್ತೇನೆ. ಹಾಲ್ಟನ್ನಿನ ಆಲ್ಫ್ರೆಡ್ ಮದುವೆಯಾಗದೆ ಉಳಿದ ಶೋಕಿಲಾಲ. ಸ್ವಂತ ಸರ್ಕಸ್ ಇಟ್ಟು, ತಾನೇ ಚಾವಟಿ ಹಿಡಿದು ನಡೆಸುತ್ತಿದ್ದ. ಆ ಮನೆಯ ಅಲಂಕಾರ ನನಗಂತೂ ತುಪ್ಪ ಹೆಚ್ಚಾದ ಹೋಳಿಗೆಯಂತೆ ಮುಖ ಕಟ್ಟುತ್ತದೆ. ಅವನು 1918ರಲ್ಲಿ ಸತ್ತ ಮೇಲೆ ಸರ್ಕಾರ ಅದನ್ನು 1,12,000 ಪೌಂಡಿಗೆ ಕೊಂಡು ವಾಯುಪಡೆಗೆ ಕೊಟ್ಟಿತು. ಮಾರಿದ ಸೋದರನ ಮಗ ಲಯೊನೆಲ್ ಮರುವರ್ಷ ದಕ್ಷಿಣ ಕರಾವಳಿಯ ಎಕ್ಸ್‌ಬರಿಯಲ್ಲಿ ಜಮೀನು ಕೊಂಡು ಹಿಮಾಲಯದ ರೋಡೊಡೆಂಡ್ರಾನ್ ಗಿಡಗಳ ತೋಟ ಬೆಳೆಸಿದ. ಆಸ್ಕಟ್ ಎಂಬ ಮರದ ಪಟ್ಟಿಗಳ ಮನೆ ಆಲ್ಫ್ರೆಡ್‌ನ ತಮ್ಮ ಲಿಯೊಪೋಲ್ಡನದು.

ಟ್ರಿಂಗ್ ಮನೆಯದು ಮಾತ್ರ ಬೇರೆಯೇ ಕಥೆ. ಬ್ರಿಟನ್ನಿನ ಮೊದಲ ಯಹೂದಿ ಲಾರ್ಡ್ ಆದ ನೇಥನಿಯಲ್‌ನ ಹಿರಿಮಗ ವಾಲ್ಟರ್‌ಗೆ ಬ್ಯಾಂಕಿನ ಲೆಕ್ಕ ಹಿಡಿಸಲಿಲ್ಲ, ಪ್ರಾಣಿಗಳು ಹಿಡಿಸಿದವು. ಜೀಬ್ರಾಗಳನ್ನು ಗಾಡಿಗೆ ಕಟ್ಟಿ ಬಕಿಂಗ್‌ಹ್ಯಾಮ್ ಅರಮನೆಯವರೆಗೆ ಓಡಿಸಿದ. ಅವನ ಪ್ರಾಣಿಗಳ ವಸ್ತುಸಂಗ್ರಹಾಲಯ 1892ರಲ್ಲಿ ಸಾರ್ವಜನಿಕರಿಗೆ ತೆರೆಯಿತು, ಈಗಲೂ ತೆರೆದಿದೆ. ಅವನು 1902ರಲ್ಲಿ ಬಿಟ್ಟ ಯುರೋಪಿನ ದಪ್ಪಬಾಲದ ಒಂದು ಜಾತಿಯ ಮರದಿಲಿಯ ಸಂತತಿ ಇವತ್ತಿಗೂ ಆ ಸುತ್ತಿನ ಮನೆಗಳ ಅಟ್ಟದಲ್ಲಿ ವೈರು ಕಡಿಯುತ್ತ ಕೂತಿದೆ. ಆ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆ ಬಿಡದೆ ಉಳಿದವು ಅವೇ ಇರಬೇಕು.

ಅವನ ತಮ್ಮ ಚಾರ್ಲ್ಸ್‌ನ ವಿಷಯಕ್ಕೆ ಬಂದರೆ ನಮ್ಮ ಊರಿನ ನಂಟು ಸಿಗುತ್ತದೆ. ಚಾರ್ಲ್ಸ್ ದಿನವೂ ಶ್ರದ್ಧೆಯಿಂದ ಬ್ಯಾಂಕಿಗೆ ಹೋಗುತ್ತಿದ್ದ, ಉಳಿದ ಹೊತ್ತಿನಲ್ಲಿ ಚಿಗಟ ಸಂಗ್ರಹಿಸುತ್ತಿದ್ದ. ಎರಡು ಲಕ್ಷಕ್ಕೂ ಹೆಚ್ಚು ಚಿಗಟಗಳು! ಸುಡಾನಿನಲ್ಲಿ ಸಿಕ್ಕ ಒಂದನ್ನು 1903ರಲ್ಲಿ ವಿವರಿಸಿ, ಪಿರಮಿಡ್ ಕಟ್ಟಿಸಿದ ದೊರೆ ಕೀಯಾಪ್ಸ್‌ನ ಹೆಸರಿಟ್ಟ. ಇಲಿಯಿಂದ ಮನುಷ್ಯನಿಗೆ ಪ್ಲೇಗು ದಾಟಿಸುವ ಮುಖ್ಯ ಚಿಗಟ ಅದೇ. ಅದಕ್ಕೆ ಐದು ವರ್ಷ ಮುಂಚೆ, 1898ರಲ್ಲಿ, ಬೆಂಗಳೂರಿನ ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಜನ ಪ್ಲೇಗಿನಿಂದ ಸಾಯುತ್ತಿದ್ದರು. ಪೇಟೆ ಬಿಟ್ಟು ಮಲ್ಲೇಶ್ವರ, ಬಸವನಗುಡಿಗಳ ಅಗಲ ರಸ್ತೆ, ಗಾಳಿಬೆಳಕಿನ ಮನೆಗಳಿಗೆ ಹೋಗುವಂತೆ ಜನರನ್ನು ದೂಡಿದ್ದು ಆ ಭಯವೇ. ಇಕ್ಕಟ್ಟಿನ ಓಣಿಯಿಂದ ತೋಟದ ಮನೆಗೆ ಓಡುವ ಹಂಬಲ ಫ್ರಾಂಕ್‌ಫರ್ಟ್‌ನವರಿಗಷ್ಟೇ ಇದ್ದದ್ದಲ್ಲ. ಟ್ರಿಂಗ್ ಸಂಗ್ರಹಾಲಯದಲ್ಲಿ ಮೆಕ್ಸಿಕೋದವರು ಬಟ್ಟೆ ತೊಡಿಸಿದ ಚಿಗಟಗಳೂ ಇವೆ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ.

ಇಷ್ಟೆಲ್ಲ ಕಟ್ಟಿದವರು ಏಕೆ ಬಿಟ್ಟರು? ಒಂದು ಕಾರಣ ತೊಟ್ಟಿಲು. ಫರ್ಡಿನಂಡ್, ಆ್ಯಲಿಸ್, ಆಲ್ಫ್ರೆಡ್, ವಾಲ್ಟರ್ ಯಾರಿಗೂ ಮನೆ ಮುಂದುವರಿಸುವ ಮಕ್ಕಳಿರಲಿಲ್ಲ. ಇನ್ನೊಂದು ಕಾರಣ ತೆರಿಗೆ. 1894ರಲ್ಲಿ ಬ್ರಿಟನ್ ಸತ್ತವರ ಆಸ್ತಿಯ ಮೇಲೆ ಹೊಸ ತೆರಿಗೆ ಹಾಕಿತು, ಗರಿಷ್ಠ ಶೇ 8. ಆಗ ಪ್ರಧಾನಿ ಯಾರು ಗೊತ್ತೇ? ಲಾರ್ಡ್ ರೋಸ್‌ಬರಿ, ಮೆಂಟ್‌ಮೋರ್‌ನ ಒಬ್ಬಳೇ ವಾರಸುದಾರಳಾದ ಹ್ಯಾನಾ ರಾಥ್ಸ್‌ಚೈಲ್ಡಳ ಗಂಡ. ಅವನಿಗೆ ಆ ತೆರಿಗೆ ಇಷ್ಟವಿರಲಿಲ್ಲ, ಹಣಕಾಸು ಮಂತ್ರಿ ಬಿಡಲಿಲ್ಲ. ಎರಡನೇ ಮಹಾಯುದ್ಧದ ನಂತರ ಅದು ಶೇ 80ರವರೆಗೆ ಏರಿತು. ಲಂಡನ್ ಬ್ಯಾಂಕಿನ ಮೂವರು ಸಹೋದರರು (ನೇಥನಿಯಲ್, ಲಿಯೊಪೋಲ್ಡ್, ಆಲ್ಫ್ರೆಡ್) 1915, 1917, 1918ರಲ್ಲಿ ಸಾಲಾಗಿ ತೀರಿಕೊಂಡಾಗ ಆ ಹೊರೆ ಎಷ್ಟಿತ್ತೆಂದು ಊಹಿಸಿ.

ಮೆಂಟ್‌ಮೋರ್‌ನ ಸರದಿ 1974ರಲ್ಲಿ ಬಂತು. ರೋಸ್‌ಬರಿಯ ಮಗ ತೀರಿಕೊಂಡ, ತೆರಿಗೆಗೆ ಪ್ರತಿಯಾಗಿ ಮನೆ, ಒಳಗಿನ ಸಮಸ್ತ ವಸ್ತುಗಳು ಎರಡನ್ನೂ ಸೇರಿಸಿ 20 ಲಕ್ಷ ಪೌಂಡಿಗೆ ಕೊಡುತ್ತೇವೆ ಎಂದು ಕುಟುಂಬ ಸರ್ಕಾರಕ್ಕೆ ಹೇಳಿತು. ಸರ್ಕಾರ ಬೇಡವೆಂದಿತು. 1977ರಲ್ಲಿ ಹರಾಜು ನಡೆದು ವಸ್ತುಗಳಷ್ಟೇ 60 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋದವು. ಅದರಲ್ಲಿ ಬೇರೊಬ್ಬನ ಹೆಸರಿನಲ್ಲಿದ್ದ ಒಂದು ಚಿತ್ರವನ್ನು ಚಾಣಾಕ್ಷ ವ್ಯಾಪಾರಿಯೊಬ್ಬ 8,000 ಪೌಂಡಿಗೆ ಹಿಡಿದ. ಅದು ಹದಿನೆಂಟನೇ ಶತಮಾನದ ಫ್ರೆಂಚ್ ಚಿತ್ರಕಾರ ಫ್ರಾಗೊನಾರ್‌ನ ಕೃತಿ ಎಂದು ಗೊತ್ತಾಗಿ, ಮರುವರ್ಷ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಹಲವು ಪಟ್ಟು ಹಣ ತೆತ್ತು ಕೊಳ್ಳಬೇಕಾಯಿತು. ಖಾಲಿ ಮನೆಯನ್ನು ಕೊಂಡದ್ದು ನಮ್ಮ ಮಹರ್ಷಿ ಮಹೇಶ ಯೋಗಿಯವರ ಸಂಸ್ಥೆ. ಬೇಟೆಗಾರರು ಕೂತಿದ್ದ ಗಾಜಿನ ಚಾವಣಿಯ ಮನೆಯಲ್ಲಿ ಇಪ್ಪತ್ತು ವರ್ಷ ಧ್ಯಾನ ನಡೆಯಿತು. ಸಂಸ್ಥೆ ಅದನ್ನು ಮಾರಿದ ಮೇಲೆ ಐಷಾರಾಮಿ ಹೋಟೆಲಿನ ಯೋಜನೆ ಬಂತು, ಕೈಗೂಡಲಿಲ್ಲ.

ಇನ್ನು ನಿಮ್ಮ ತಮ್ಮನ ಜಗದೊಡೆಯರ ಮಾತು. ವಿಯೆನ್ನಾದಲ್ಲಿ ವಾಡ್ಸ್‌ಡನ್ನಿನ ವಾಸ್ತುಶಿಲ್ಪಿಯೇ ಕಟ್ಟಿದ ಇನ್ನೊಂದು ರಾಥ್ಸ್‌ಚೈಲ್ಡ್ ಅರಮನೆ ಇತ್ತು. 1938ರ ಮಾರ್ಚಿನಲ್ಲಿ ಹಿಟ್ಲರನ ಸೈನ್ಯ ಬಂದ ಕೂಡಲೇ ಮನೆತನದ ಲೂಯಿಯನ್ನು ಬಂಧಿಸಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡು, ಆಸ್ತಿಯನ್ನೆಲ್ಲ ಬರೆಸಿಕೊಂಡು ಬಿಟ್ಟರು. ಆ ಅರಮನೆಯಲ್ಲಿ ಆಗಸ್ಟ್ ತಿಂಗಳಲ್ಲಿ ಕಚೇರಿ ತೆರೆದವನು ನಾಜಿ ಅಧಿಕಾರಿ ಅಡಾಲ್ಫ್ ಐಖ್‌ಮನ್, ಯಹೂದಿಗಳನ್ನು ದೇಶದಿಂದ ಹೊರಹಾಕುವ ಕೆಲಸಕ್ಕೆ. ಯುದ್ಧಾನಂತರ ಕಟ್ಟಡವನ್ನು ಕೆಡವಿದರು. ದೋಚಿದ ಕಲಾಕೃತಿಗಳಲ್ಲಿ ಸುಮಾರು 250ನ್ನು ಆಸ್ಟ್ರಿಯಾ ವಾಪಸು ಕೊಟ್ಟದ್ದು 1999ರಲ್ಲಿ. ಜಗತ್ತನ್ನು ಆಳುವವರಿಗೆ ತಮ್ಮ ಮನೆಯ ಬೀಗದ ಕೈಯೇ ಉಳಿಯಲಿಲ್ಲ. ಈ ಕುಟುಂಬದ ಬಗ್ಗೆ ಓಡಾಡುವ ಸಂದೇಶಗಳು ಹೊಸವೂ ಅಲ್ಲ. ಹಿಟ್ಲರನ ಜನ ಹಂಚುತ್ತಿದ್ದ ಕಥೆಗಳೇ ಇವು, ಬಟ್ಟೆ ಬದಲಾಯಿಸಿವೆ. ತಮ್ಮನಿಗೆ ಹಾಗೆಂದೇ ಹೇಳಿ.

ಅದೇ ಕಾಲದ ವಾಡ್ಸ್‌ಡನ್ನಿನ ಒಂದು ಸಂಗತಿಯನ್ನು ಮಾರ್ಗದರ್ಶಿಗಳು ಹೇಳಿದರೋ ಇಲ್ಲವೋ. ಆ್ಯಲಿಸ್ ನಂತರ ಮನೆ ಫ್ರೆಂಚ್ ಶಾಖೆಯ ಜೇಮ್ಸ್‌ಗೆ ಬಂದಿತ್ತು. 1939ರಲ್ಲಿ ಅವನೂ ಹೆಂಡತಿ ಡೊರೊಥಿಯೂ ಫ್ರಾಂಕ್‌ಫರ್ಟ್‌ನ ಯಹೂದಿ ವಿದ್ಯಾರ್ಥಿನಿಲಯವೊಂದರ ಸುಮಾರು ಮೂವತ್ತು ಹುಡುಗರನ್ನು ಕರೆಸಿಕೊಂಡು, ಊರೊಳಗಿನ ‘ದಿ ಸೀಡರ್ಸ್’ ಎಂಬ ಮನೆಯಲ್ಲಿ ಇರಿಸಿದರು. ಮುತ್ತಜ್ಜಿ ಗೂಟ್ಲೆ ಬಿಡಲೊಪ್ಪದ ಊರಿನಿಂದ ಬಂದ ಮಕ್ಕಳು. ಯುದ್ಧ ಶುರುವಾದ ಮೇಲೆ ಲಂಡನ್ ಕಡೆಯ ನೂರರಷ್ಟು ಪುಟ್ಟ ಮಕ್ಕಳು ಮಹಲಿನೊಳಗೇ ಬಂದು ತುಂಬಿಕೊಂಡರು.

ಮಕ್ಕಳಿಲ್ಲದ ಜೇಮ್ಸ್ 1957ರಲ್ಲಿ ತೀರಿಕೊಂಡಾಗ ಮಹಲನ್ನು ನ್ಯಾಷನಲ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಗೆ ಬರೆದಿದ್ದ, ನಿರ್ವಹಣೆಗೆಂದು ಏಳೂವರೆ ಲಕ್ಷ ಪೌಂಡನ್ನೂ ಜೊತೆಗಿಟ್ಟಿದ್ದ. ಮೆಂಟ್‌ಮೋರ್ ಖಾಲಿಯಾಗಿ ವಾಡ್ಸ್‌ಡನ್ ಉಳಿದದ್ದಕ್ಕೆ ಕಾರಣ ಈ ಎರಡನೆಯ ಮೊತ್ತ. ಮನೆ ದಾನ ಕೊಡುವವರು ಬಹಳ ಮಂದಿ ಸಿಗುತ್ತಾರೆ. ಸೂರು ಸೋರಿದಾಗ ಹಂಚು ಬದಲಿಸಲು ದುಡ್ಡಿಟ್ಟು ಕೊಡುವವರು ಅಪರೂಪ, ಇದು ನನ್ನ ಮೂವತ್ತು ವರ್ಷದ ಅನುಭವ.

ಡೊರೊಥಿ ಆಮೇಲೆ ವಾಸಕ್ಕೆ ಹೋದದ್ದು ಕೆಲವೇ ಮೈಲಿ ದೂರದ ಈಥ್ರೋಪ್ ಎಂಬ ಪುಟ್ಟ ಮನೆಗೆ. ಅದನ್ನು ಕಟ್ಟಿಸಿದವಳು ಆ್ಯಲಿಸ್. ಆಕೆಗೆ ಸಂಧಿವಾತದ ಜ್ವರ ಬಂದು ಹೋಗಿತ್ತು, ನದಿಯ ಪಕ್ಕ ರಾತ್ರಿ ಮಲಗಬಾರದೆಂದು ವೈದ್ಯರು ಹೇಳಿದ್ದರಿಂದ ಆ ಮನೆಗೆ ಮಲಗುವ ಕೋಣೆಯನ್ನೇ ಇಟ್ಟಿರಲಿಲ್ಲ. ಹಗಲೆಲ್ಲ ಅಲ್ಲಿ ಹೂಗಿಡಗಳ ನಡುವೆ ಇದ್ದು, ಚಹಾ ಕುಡಿದು, ಕತ್ತಲಾಗುವ ಮೊದಲು ಗುಡ್ಡದ ಮಹಲಿಗೆ ಮಲಗಲು ಬರುತ್ತಿದ್ದಳು. ಮಲಗುವ ಕೋಣೆಗಳನ್ನು ಆಮೇಲಿನವರು ಸೇರಿಸಿದರು. ‘ಈಗ ಅಲ್ಲಿ ಯಾರೂ ಏಕೆ ವಾಸವಿಲ್ಲ’ ಎಂದು ಕೇಳಿದ್ದಿರಿ. ಮಹಲನ್ನು ಟ್ರಸ್ಟಿಗೆ ಕೊಟ್ಟ ಮೇಲೆ ಕುಟುಂಬ ತನಗೆಂದು ಉಳಿಸಿಕೊಂಡದ್ದು ಆ ತೋಟದ ಮನೆಯನ್ನು.